ಸಂದಣಿಯ ಒತ್ತಡ ಮತ್ತು ಹಾರ್ಮೋನು: ಒಂದು ಸಿದ್ಧಾಂತದ ಇತಿಹಾಸ

ಪ್ರಾಣಿಯು ತನ್ನ ಜಾತಿಯ ಇತರ ಪ್ರಾಣಿಗಳಿಂದ ಅನುಭವಿಸುವ ಒತ್ತಡವು ಅದರ ನಿರ್ನಾಳ ಗ್ರಂಥಿಗಳ ಸ್ರಾವವನ್ನು ಬದಲಿಸುತ್ತದೆಂಬುದು ಇಂದು ಜೀವವಿಜ್ಞಾನದ ಸಾಮಾನ್ಯ ಪಾಠ. ಈ ಪಾಠವನ್ನು ಬಹುಮಟ್ಟಿಗೆ ಗಂಡುಪ್ರಾಣಿಗಳಿಂದ ಕಲಿತು ಹೆಣ್ಣಿಗೂ ಅನ್ವಯಿಸಿದುದು ಹೇಗೆಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಮಾಂಟ್ರಿಯಲ್ಲಿನ ಹ್ಯಾನ್ಸ್ ಸೆಲ್ಯೆ ಅವರು ಹೊಸದೊಂದು ಸ್ತ್ರೀ ಹಾರ್ಮೋನನ್ನು ಅರಸುತ್ತ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಅಡ್ರಿನಲ್ ಗ್ರಂಥಿಯ ಹೊರಪದರ ಹಿಗ್ಗಿತು, ಜಠರದಲ್ಲಿ ಹುಣ್ಣುಗಳೆದ್ದವು. ಚಳಿ, ಗಾಯ, ಅತಿಯಾದ ಶ್ರಮ ಇವುಗಳಿಂದಲೂ ಅದೇ ಫಲ ದೊರೆಯಿತು. 1936ರಲ್ಲಿ ಅವರು ಪ್ರಕಟಿಸಿದ ಪುಟ್ಟ ಪತ್ರವೇ ಒತ್ತಡದ ಸಿದ್ಧಾಂತಕ್ಕೆ ಮೂಲ. ಹೆಣ್ಣಿನ ಹಾರ್ಮೋನನ್ನು ಹುಡುಕಹೊರಟ ಶೋಧನೆಯೇ ಮುಂದೆ ಹೆಣ್ಣನ್ನು ಮರೆತ ಶಾಸ್ತ್ರವೊಂದಕ್ಕೆ ನಾಂದಿಯಾದುದು ಸೋಜಿಗವೇ ಸರಿ.

ಈ ಗ್ರಂಥಿಯ ಹಿಗ್ಗುವಿಕೆಯನ್ನು ಪ್ರಾಣಿಸಂಖ್ಯೆಯ ಏರಿಳಿತಕ್ಕೆ ಜೋಡಿಸಿದವರು ಅಮೆರಿಕದ ಜಾನ್ ಕ್ರಿಶ್ಚಿಯನ್. 1950ರಲ್ಲಿ ಅವರು ಮಂಡಿಸಿದ ವಾದಕ್ಕೆ ಮೇರಿಲ್ಯಾಂಡಿನ ತೀರದಾಚೆಯ ಜೇಮ್ಸ್ ದ್ವೀಪ ಸಾಕ್ಷಿಯಾಯಿತು. ಅಲ್ಲಿ 1916ರಲ್ಲಿ ಬಿಟ್ಟ ನಾಲ್ಕೈದು ಸೀಕಾ ಜಿಂಕೆಗಳು 1955ರ ವೇಳೆಗೆ ಮುನ್ನೂರರ ಸಮೀಪಕ್ಕೆ ಬೆಳೆದಿದ್ದವು. ಎಕರೆಗೆ ಸುಮಾರು ಒಂದರಂತೆ. 1958ರ ಮೊದಲ ಮೂರು ತಿಂಗಳಲ್ಲಿಯೇ ಹಿಂಡಿನ ಅರ್ಧಕ್ಕೂ ಮಿಕ್ಕ ಭಾಗ ಸತ್ತಿತು. ಮೇವಿಗೆ ಕೊರತೆಯಿರಲಿಲ್ಲ, ಸತ್ತ ಜಿಂಕೆಗಳು ಸೊರಗಿರಲಿಲ್ಲ. ಆದರೆ ಅವುಗಳ ಅಡ್ರಿನಲ್ ಗ್ರಂಥಿಗಳು ಹಿಗ್ಗಿದ್ದವು. ಹಿಂಡು ಎಂಬತ್ತರ ಆಸುಪಾಸಿಗೆ ಇಳಿದ ಮೇಲೆ ಪರೀಕ್ಷಿಸಿದವುಗಳಲ್ಲಿ ಗ್ರಂಥಿಗಳು ಗಮನಾರ್ಹವಾಗಿ ಚಿಕ್ಕವಾಗಿದ್ದವು. ಸಂದಣಿಯೇ ಒತ್ತಡ, ಒತ್ತಡವೇ ಮೃತ್ಯು ಎಂಬ ಮಾತು ಬೇಗನೆ ಹಬ್ಬಿ ಮಾನವನ ನಗರಗಳವರೆಗೂ ಹೋಯಿತು. ಒಂದು ದ್ವೀಪದಿಂದ ಇಷ್ಟು ದೂರ ನೆಗೆದದ್ದು ಆತುರವೆಂದೇ ನಮ್ಮ ಅಭಿಪ್ರಾಯ.

ಗಂಡು ಹೆಣ್ಣುಗಳ ಭೇದವೇನೂ ಅಜ್ಞಾತವಾಗಿರಲಿಲ್ಲ. ಹೆಣ್ಣಿಲಿಯ ಅಡ್ರಿನಲ್ ಗ್ರಂಥಿಯು ಗಂಡಿಲಿಯದಕ್ಕಿಂತ ಹೆಚ್ಚು ಕಾರ್ಟಿಕೋಸ್ಟೆರೋನ್ ಸ್ರವಿಸುತ್ತದೆಂದು ಕಿಟೇ ಅವರು 1961ರಲ್ಲಿಯೇ ತೋರಿಸಿದ್ದರು. ಆದರೂ ಪ್ರಯೋಗಶಾಲೆಗಳು ಗಂಡನ್ನೇ ಬಯಸಿದವು. ಹೆಣ್ಣಿಲಿಯ ನಾಲ್ಕೈದು ದಿನಗಳ ಋತುಚಕ್ರವು ಅಳತೆಗಳನ್ನು ಕೆಡಿಸುತ್ತದೆಂಬುದು ಅವರ ಸಮಾಧಾನ.

1995ರಲ್ಲಿ ಬ್ರೌನ್ ಮತ್ತು ಗ್ರುನ್‌ಬರ್ಗ್ ಎರಡು ಲಿಂಗದ ಇಲಿಗಳನ್ನೂ ಪರೀಕ್ಷಿಸಿದರು. ಇಕ್ಕಟ್ಟಿನಲ್ಲಿ ಗಂಡಿಲಿಗಳ ಕಾರ್ಟಿಕೋಸ್ಟೆರೋನ್ ಏರಿತು. ಹೆಣ್ಣುಗಳಲ್ಲಿ ಫಲ ತಿರುವುಮುರುವು: ಒಂಟಿಯಾಗಿದ್ದವುಗಳಲ್ಲಿಯೇ ಅದು ಹೆಚ್ಚು, ಗುಂಪಿನಲ್ಲಿ ಕಡಿಮೆ. ಮರುವರ್ಷ, ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಜೋಡಿಯಾಗಿ ಬಾಳುವ ವೋಲ್ ಎಂಬ ದಂಶಕವನ್ನು ಕುರಿತ ಅಧ್ಯಯನವೊಂದು, ಒತ್ತಡವು ಗಂಡಿನಲ್ಲಿ ಸಂಗಾತಿಯ ಒಲವನ್ನು ಬಲಪಡಿಸಿ ಹೆಣ್ಣಿನಲ್ಲಿ ತಡೆಯುತ್ತದೆಂದು ತೋರಿಸಿತು. ಸಂದಣಿಯ ಹಳೆಯ ಸಿದ್ಧಾಂತವನ್ನು ಇವು ಪೂರ್ತಿಯಾಗಿ ಅಳಿಸಲಿಲ್ಲ. ಅದು ಅರ್ಧಸತ್ಯವೆಂಬುದನ್ನಂತೂ ಬಯಲಿಗೆಳೆದವು.

ಬೀರಿ ಮತ್ತು ಜುಕರ್ 2011ರಲ್ಲಿ ಪ್ರಕಟಿಸಿದ ಗಣನೆಯಂತೆ, ನರವಿಜ್ಞಾನದಲ್ಲಿ ಹೆಣ್ಣನ್ನು ಮಾತ್ರ ಬಳಸಿದ ಪ್ರತಿಯೊಂದು ಪ್ರಾಣಿಪ್ರಯೋಗಕ್ಕೆ ಗಂಡನ್ನು ಮಾತ್ರ ಬಳಸಿದವು ಐದೂವರೆಯಷ್ಟಿದ್ದವು. ಋತುಚಕ್ರದ ನೆಪವೂ ಹೆಚ್ಚು ಕಾಲ ನಿಲ್ಲಲಿಲ್ಲ. 2014ರಲ್ಲಿ 293 ಲೇಖನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಕ್ರವನ್ನು ಗಣಿಸದೆ ಅಳೆದ ಹೆಣ್ಣು ಸುಂಡಿಲಿಗಳ ಅಂಕಿಗಳು ಗಂಡುಗಳ ಅಂಕಿಗಳಿಗಿಂತ ಹೆಚ್ಚು ಚಂಚಲವಾಗಿರಲಿಲ್ಲ.