ಬಂಕಾಪುರದ ಹೆಬ್ಬಟ್ಟೆ ಮತ್ತು ಅದರ ಉಳಿಕೆಗಳು

ಕ್ರಿ.ಶ. ೯೭೪ರ ಸುಮಾರಿನಲ್ಲಿ ಗಂಗ ಅರಸನಾದ ಇಮ್ಮಡಿ ಮಾರಸಿಂಹನು ರಾಜ್ಯಭಾರವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯನ್ನು ಸೇರಿದನು. ಅಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಆಚರಿಸಿ ಸಮಾಧಿಮರಣವನ್ನು ಹೊಂದಿದನು. ರಾಷ್ಟ್ರಕೂಟ ಚಕ್ರವರ್ತಿಗಳ ಬಲಗೈಯಂತಿದ್ದು ಅನೇಕ ಯುದ್ಧಗಳನ್ನು ಗೆದ್ದ ಈ ಅರಸನಿಗೆ ತನ್ನ ಗಂಗವಾಡಿಯಲ್ಲಿಯೇ ಶ್ರವಣಬೆಳಗೊಳದಂತಹ ಪುಣ್ಯಕ್ಷೇತ್ರವಿದ್ದಿತು. ಆದರೂ ಅಂತ್ಯಕಾಲದಲ್ಲಿ ಬನವಾಸಿ ನಾಡಿನ ಈ ಪಟ್ಟಣವನ್ನು ಅರಸಿ ಬಂದುದೇಕೆ? ಗುರುಗಳು ಅಲ್ಲಿದ್ದರು ಎಂಬುದು ನೇರವಾದ ಉತ್ತರ. ಗುರುಗಳು ಅಲ್ಲಿಯೇ ನೆಲೆಸಿದ್ದುದೇಕೆ ಎಂದು ಕೇಳಿದರೆ ಊರಿನ ಬಳಿ ಹಾದುಹೋಗುತ್ತಿದ್ದ ದಾರಿಯ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ.

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಹೆಸರುಂಟು. ಸೈನ್ಯವೂ ಸಾರ್ಥವೂ ಸಾಗುವ ಹಿರಿಯ ದಾರಿ ‘ಹೆಬ್ಬಟ್ಟೆ’. ಇಂದು ಬಟ್ಟೆ ಎಂದೊಡನೆ ಅರಿವೆಯ ಅಂಗಡಿ ನೆನಪಾಗುತ್ತದೆಯೇ ಹೊರತು ದಾರಿ ನೆನಪಾಗುವುದಿಲ್ಲ. ಪ್ರಾಚೀನ ಮಾರ್ಗಗಳ ಅಳಿವು ಶಬ್ದದಿಂದಲೇ ಆರಂಭವಾಯಿತೆನ್ನಬಹುದು. ದತ್ತಿಭೂಮಿಯ ಎಲ್ಲೆಗಳನ್ನು ಹೇಳುವಾಗ ಶಾಸನಕಾರರು ಕೆರೆ, ಹಳ್ಳ, ಮರ, ನಟ್ಟ ಕಲ್ಲುಗಳೊಡನೆ ಬಟ್ಟೆಗಳನ್ನೂ ಹೆಸರಿಸುತ್ತಾರೆ. ದಾರಿಯಲ್ಲಿ ಸಾಗುವ ಸರಕಿನ ಮೇಲೆ ‘ಹೆಜ್ಜುಂಕ’ವನ್ನು ಎತ್ತುತ್ತಿದ್ದರು, ಆ ಸುಂಕದ ಒಂದು ಪಾಲು ಎಷ್ಟೋ ಸಲ ದೇವಾಲಯಗಳಿಗೂ ಬಸದಿಗಳಿಗೂ ಸಲ್ಲುತ್ತಿದ್ದಿತು.

ಭೂಪಟವನ್ನು ಹರಡಿ ನೋಡಿದರೆ ಈ ಸೀಮೆಯ ಹೆಬ್ಬಟ್ಟೆಯ ಜಾಡು ಊಹೆಗೆ ನಿಲುಕುತ್ತದೆ. ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರದಿಂದ ನೈಋತ್ಯಕ್ಕೆ ಹೊರಟರೆ ಸವಣೂರು, ಅದರಾಚೆ ಸಮೀಪದಲ್ಲೇ ಬಂಕಾಪುರ, ಮುಂದೆ ಪಾನುಂಗಲ್ಲು ಎನಿಸಿದ್ದ ಹಾನಗಲ್ಲು, ಅಲ್ಲಿಂದ ಬನವಾಸಿ. ಲಕ್ಷ್ಮೇಶ್ವರಕ್ಕೂ ಸವಣೂರಿಗೂ, ಬಂಕಾಪುರಕ್ಕೂ ಹಾನಗಲ್ಲಿಗೂ, ಹಾನಗಲ್ಲಿಗೂ ಬನವಾಸಿಗೂ ನೇರ ಅಳತೆಯಲ್ಲಿ ೨೦ರಿಂದ ೩೦ ಕಿಲೋಮೀಟರುಗಳ ಅಂತರ. ಹೇರು ಹೊತ್ತ ಎತ್ತಿಗೂ ಬರಿಗಾಲಿನಲ್ಲಿ ವಿಹಾರ ಮಾಡುವ ಮುನಿಗೂ ಇದು ಸುಮಾರು ಒಂದು ಹಗಲಿನ ನಡಿಗೆ. ಹಾನಗಲ್ಲಿನಿಂದ ಆಗ್ನೇಯಕ್ಕೆ ತಿರುಗಿದರೆ ಹಿರೇಕೆರೂರು ಸೀಮೆಯನ್ನು ಹಾದು ಬಳ್ಳಿಗಾವೆಯನ್ನು ಸೇರಬಹುದು. ಪುಲಿಗೆರೆ ಮುನ್ನೂರು, ಪಾನುಂಗಲ್ಲು ಐನೂರು, ಬನವಾಸಿ ಹನ್ನಿಚ್ಛಾಸಿರ ಎಂಬ ಪ್ರಸಿದ್ಧ ನಾಡುಗಳು ಈ ಸಾಲಿನಲ್ಲಿ ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದುವು.

ಬಂಕಾಪುರಕ್ಕೆ ಹೆಸರು ಬಂದುದು ಅಮೋಘವರ್ಷ ನೃಪತುಂಗನ ಸಾಮಂತನಾದ ಚೆಲ್ಲಕೇತನ ವಂಶದ ಬಂಕೆಯನಿಂದ. ಈತನು ಕೊಳನೂರಿನಲ್ಲಿ (ಇಂದಿನ ನರಗುಂದ ತಾಲ್ಲೂಕಿನ ಕೊಣ್ಣೂರು) ಕಟ್ಟಿಸಿದ ಜಿನಾಲಯಕ್ಕೆ ಚಕ್ರವರ್ತಿಯು ಶಕ ೭೮೨, ಎಂದರೆ ಕ್ರಿ.ಶ. ೮೬೦ರಲ್ಲಿ ದತ್ತಿ ಬಿಟ್ಟನು. ಬಂಕೆಯನ ಮಗ ಲೋಕಾದಿತ್ಯನು ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದ ಕಾಲದಲ್ಲಿ, ಶಕ ೮೨೦ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯೇ ತಿಳಿಸುತ್ತದೆ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವು ಪೂರ್ಣಗೊಂಡು ಶ್ರಾವಕರ ಪೂಜೆ ಪಡೆದ ಸಂಗತಿಯೊಡನೆ ಬಂಕಾಪುರದ ಹೆಸರು ಹೀಗೆ ಶಾಶ್ವತವಾಗಿ ಸೇರಿಕೊಂಡಿತು.

ಕವಿಚಕ್ರವರ್ತಿ ರನ್ನನ ಕಥೆಯೂ ಈ ದಾರಿಗೆ ಸಂಬಂಧಪಟ್ಟುದೇ. ಮುದುವೊಳಲು, ಎಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಈತನಿಗೆ ಅಜಿತಸೇನಾಚಾರ್ಯರು ಗುರುಗಳಾದರು. ಅವರ ಬಳಿ ಬಂಕಾಪುರದಲ್ಲಿ ವಿದ್ಯಾಭ್ಯಾಸ ಮಾಡಿದನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದೇ ಗುರುವಿನ ಮತ್ತೊಬ್ಬ ಶಿಷ್ಯನಾದ ಚಾವುಂಡರಾಯನು ಆತನಿಗೆ ಆಶ್ರಯದಾತನಾದನು. ಬಳೆಗಾರರು ಊರೂರು ತಿರುಗುವ ಜನ. ವಿದ್ಯೆ ಎಲ್ಲಿ ದೊರೆಯುತ್ತದೆಂಬ ಸುದ್ದಿಯು ಬಳೆಯ ಮಲಾರದೊಡನೆಯೇ ಆ ಮನೆಗೆ ಬಂದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಗಂಗವಾಡಿಯ ಸೇನಾಪತಿಯೂ ಕೃಷ್ಣಾ-ಘಟಪ್ರಭೆಗಳ ಸೀಮೆಯ ಬಳೆಗಾರರ ಹುಡುಗನೂ ಒಬ್ಬನೇ ಗುರುವಿನ ಪದತಲದಲ್ಲಿ ಕೂಡಿದುದು ಬಂಕಾಪುರದಂತಹ ಹಾದಿಯ ಊರಿನಲ್ಲಿ ಸಾಧ್ಯವಾಯಿತು.

ಈ ಊರಿನ ಜೀವನವು ಹೇಗಿದ್ದಿತೆಂಬುದಕ್ಕೆ ಶಕ ೯೭೭ರ (ಕ್ರಿ.ಶ. ೧೦೫೫) ಬಂಕಾಪುರದ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮುಂದೆ ಆರನೆಯ ವಿಕ್ರಮಾದಿತ್ಯನೆಂದು ಖ್ಯಾತನಾದ ಚಾಲುಕ್ಯ ರಾಜಕುಮಾರನು ಗಂಗವಾಡಿ ಮತ್ತು ಬನವಾಸಿಗಳನ್ನು ಆಳುತ್ತಿದ್ದ ಕಾಲವದು. ಕದಂಬ ಹರಿಕೇಸರಿದೇವನೂ ಆತನ ಅರಸಿ ಲಚ್ಚಲದೇವಿಯೂ ಬಂಕಾಪುರದ ಐದು ಮಠಗಳವರು, ನಗರಮಹಾಜನರು ಹಾಗೂ ‘ಹದಿನಾರ’ರೊಡನೆ ಸೇರಿ ಜಿನಾಲಯವೊಂದಕ್ಕೆ ಪಾನುಂಗಲ್ಲು ಐನೂರರೊಳಗಿನ ನಿಡುಗುಂದಗೆ ಹನ್ನೆರಡರಲ್ಲಿ ಭೂಮಿಯನ್ನು ಬಿಟ್ಟರು. ಅರಸು ಮನೆತನ, ಮಠಗಳು, ವರ್ತಕರ ನಗರ ಇವೆಲ್ಲವೂ ಒಂದು ಬಸದಿಯ ದಾನಕ್ಕೆ ಕೂಡಿನಿಂತುದು ಗಮನಾರ್ಹ. ವರ್ತಕರಿಗೆ ಅಂತಹ ಸ್ಥಾನ ದೊರೆತುದು ದಾರಿಯಿಂದ.

ಇದೇ ಸೀಮೆಯಲ್ಲಿ ಹೀಗೆ ಹಾದಿಯೊಡನೆ ಬೆಳೆದ ನೆಲೆಗಳು ಇನ್ನೂ ಕೆಲವುಂಟು. ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲಕ್ಕೇ ಗಾಮುಂಡನೊಬ್ಬನು ಕಟ್ಟಿಸಿದ ಜಿನಾಲಯವೂ ಅದಕ್ಕೆ ಸೇರಿದ ದಾನಶಾಲೆಯೂ ಇದ್ದುವು. ದಾನಶಾಲೆ ಎಂದ ಮೇಲೆ ದೂರದಿಂದ ನಡೆದು ಬಂದು ಹಸಿದವರು ಇದ್ದೇ ಇರಬೇಕಲ್ಲವೇ? ಬಳ್ಳಿಗಾವೆಯಲ್ಲಿ ಕ್ರಿ.ಶ. ೧೦೬೮ರಲ್ಲಿ ಸುಕುಮಾರಚರಿತೆಯ ಕವಿ ಶಾಂತಿನಾಥನ ಬಿನ್ನಹದಂತೆ ಲಕ್ಷ್ಮಣನೃಪನು ಶಾಂತಿನಾಥ ಬಸದಿಯನ್ನು ಶಿಲೆಯಲ್ಲಿ ಕಟ್ಟಿಸಿದನು.

ಹಾದಿಯಲ್ಲಿ ಬಂದುದೆಲ್ಲವೂ ಸುಖವನ್ನೇ ತರಲಿಲ್ಲ. ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ಕ್ರಿ.ಶ. ೧೨೦೦ರ ಸುಮಾರಿನ ಶಾಸನವೊಂದುಂಟು. ಏಕಾಂತದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ನಡೆದ ವಾದವನ್ನೂ ಬಸದಿಯ ನಾಶವನ್ನೂ ಅದು ಗೆದ್ದವರ ದೃಷ್ಟಿಯಿಂದ ವರ್ಣಿಸುತ್ತದೆ. ನೊಂದ ಜೈನರು ಬಿಜ್ಜಳನಿಗೆ ದೂರು ಕೊಟ್ಟರೆಂಬ ಮಾತೂ ಅದರಲ್ಲಿದೆ. ಏಳೆಂಟು ನೂರು ವರ್ಷಗಳ ಹಿಂದಿನ ಆ ಕಲಹವನ್ನು ಇಂದು ಕೆದಕುವುದರಲ್ಲಿ ಪ್ರಯೋಜನವಿಲ್ಲ. ಅಬ್ಬಲೂರಿನಲ್ಲಿ ಬಸದಿಯನ್ನು ನಡೆಸುವಷ್ಟು ಶ್ರಾವಕರಿದ್ದರೆಂಬುದಕ್ಕೆ ಅದೇ ಶಾಸನವು ಪ್ರಬಲವಾದ ಆಧಾರವಾಗಿ ಉಳಿದಿರುವುದು ಮಾತ್ರ ವಿಚಿತ್ರವೇ ಸರಿ.

ಬಂಕಾಪುರದ ಬಸದಿಗಳಿಗೆ ಜೀರ್ಣತೆಯು ಬಹಳ ಬೇಗ ಬಂದಿತು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು ಅಲ್ಲಿ ಹಾಳುಬಿದ್ದಿದ್ದ ಎರಡು ಜಿನಾಲಯಗಳನ್ನು ಪುನಃ ಕಟ್ಟಿಸಿದನೆಂದು ಶ್ರವಣಬೆಳಗೊಳದ ಕ್ರಿ.ಶ. ೧೧೫೯ರ ಶಾಸನವು ಹೊಗಳುತ್ತದೆ. ಮಾರಸಿಂಹನ ಸಮಾಧಿಯಾಗಿ ಇನ್ನೂ ಎರಡು ಶತಮಾನಗಳು ತುಂಬಿರಲಿಲ್ಲ! ಹೊಯ್ಸಳರಿಗೂ ಉತ್ತರದ ಅರಸರಿಗೂ ಈ ನಾಡು ರಣಭೂಮಿಯಾದುದು ಇದಕ್ಕೆ ಒಂದು ಕಾರಣವಿರಬೇಕು. ಕ್ರಿ.ಶ. ೧೧೯೬ರಲ್ಲಿ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಸರಕನ್ನು ತರುವ ದಾರಿಯೇ ದಂಡನ್ನೂ ತರುತ್ತದೆ.

ಮುಂದೆ ೧೫೭೦ರ ದಶಕದಲ್ಲಿ ಬಂಕಾಪುರದ ದುರ್ಗವು ದೀರ್ಘಕಾಲದ ಮುತ್ತಿಗೆಯ ಅನಂತರ ಬಿಜಾಪುರದವರ ವಶವಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯನ್ನು ಪಡೆದ ಅಬ್ದುಲ್ ರವೂಫ್ ಖಾನನ ಮನೆತನವು ಸವಣೂರನ್ನು ರಾಜಧಾನಿಯಾಗಿ ಬೆಳೆಸಿತು. ೧೯೪೮ರಲ್ಲಿ ವಿಲೀನವಾಗುವವರೆಗೂ ಅದು ನವಾಬರ ಸಂಸ್ಥಾನವಾಗಿದ್ದಿತು. ‘ಸವಣ’ ಎಂಬುದು ಶ್ರಮಣ ಶಬ್ದದ ತದ್ಭವವಾದುದರಿಂದ ಸವಣೂರು ಎಂದರೆ ಶ್ರಮಣರ ಊರೆಂದು ಹೇಳಲು ಜೈನರಿಗೆ ಆಸೆಯಾಗುವುದು ಸಹಜ. ಆದರೆ ಹೆಸರಿನ ಧ್ವನಿಯೊಂದನ್ನೇ ನಂಬಿ ಇತಿಹಾಸವನ್ನು ಕಟ್ಟಲಾಗದು.

ಆಂಗ್ಲರ ಕಾಲದಲ್ಲಿ ದಾರಿಯ ದಿಕ್ಕೇ ಬದಲಾಯಿತು. ಪೂರ್ವದ ಹೆಬ್ಬಟ್ಟೆಯು ಈಶಾನ್ಯದಿಂದ ಬನವಾಸಿಯ ಕಡೆಗೆ ಇಳಿಯುತ್ತಿದ್ದರೆ, ಹೊಸ ಪುಣೆ-ಬೆಂಗಳೂರು ರಸ್ತೆಯು ಧಾರವಾಡ, ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ, ರಾಣೆಬೆನ್ನೂರುಗಳ ಮೂಲಕ ಹರಿಹರಕ್ಕೆ ಸಾಗಿತು. ೧೮೬೮ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ೧೪ ಕಮಾನುಗಳ ಸೇತುವೆಯಾದ ಮೇಲೆ ಮಳೆಗಾಲದಲ್ಲಿಯೂ ಗಾಡಿಗಳು ನಿಲ್ಲದೆ ದಾಟುವಂತಾಯಿತು. ಆಗ ತಾಲ್ಲೂಕಿನ ಹೆಸರು ಬಂಕಾಪುರವೆಂದೇ ಇದ್ದಿತು. ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿದ್ದಿತು. ಕ್ರಮೇಣ ತಾಲ್ಲೂಕೂ ಶಿಗ್ಗಾಂವಿಯ ಹೆಸರನ್ನೇ ಪಡೆಯಿತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲುಮಾರ್ಗವು ಪೂರ್ವಕ್ಕೆ ಸರಿದು ಹೋಯಿತು. ಶಿಗ್ಗಾಂವಿ, ಬಂಕಾಪುರ, ಹಾನಗಲ್ಲು, ಹಿರೇಕೆರೂರು ಈ ಯಾವ ಊರಿನ ಒಳಕ್ಕೂ ಅದು ಬರಲಿಲ್ಲ. ಲಮಾಣಿಗರ ಹೇರೆತ್ತುಗಳ ಮೇಲೂ ಆಮೇಲೆ ಚಕ್ಕಡಿಗಳ ಮೇಲೂ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಧಾರವಾಡ ಸೀಮೆಯ ಹತ್ತಿಯು ರೈಲನ್ನೇರಿ ಮರ್ಮಗೋವೆಗೆ ತಿರುಗಿಕೊಂಡಿತು.

ಪುಣೆ-ಬೆಂಗಳೂರು ರಸ್ತೆಯು ಸ್ವಾತಂತ್ರ್ಯಾನಂತರ ೪ನೆಯ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿ ಮುಂಬಯಿಯನ್ನೂ ಮದರಾಸನ್ನೂ ಕೂಡಿಸಿತು. ಅರ್ಧ ಶತಮಾನದ ಕಾಲ ಈ ಸೀಮೆಯ ಜನರ ಬಾಯಲ್ಲಿ ‘ಎನ್.ಎಚ್. ನಾಲ್ಕು’ ಎಂಬುದು ಊರಿನ ಹೆಸರಿನಷ್ಟೇ ಪರಿಚಿತವಾಗಿದ್ದಿತು. ೨೦೦೦ದ ಅನಂತರ ಚತುಷ್ಪಥದ ಕಾಮಗಾರಿ ನಡೆದು ಹಾವೇರಿ, ರಾಣೆಬೆನ್ನೂರು ಮುಂತಾದ ಊರುಗಳನ್ನು ರಸ್ತೆಯು ಹೊರಗಿನಿಂದಲೇ ಬಳಸಿತು. ೨೦೧೦ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸಿದಾಗ ಇದು ದೆಹಲಿಯಿಂದ ಚೆನ್ನೈವರೆಗಿನ ೪೮ನೆಯ ಹೆದ್ದಾರಿಯಲ್ಲಿ ಸೇರಿಹೋಯಿತು. ನಾಲ್ಕು ಎಂಬ ಸಂಖ್ಯೆಯು ಸಮುದ್ರವನ್ನು ದಾಟಿ ಅಂದಮಾನ್ ದ್ವೀಪಗಳ ರಸ್ತೆಗೆ ಸಂದಿತು. ರಾಜ್ಯ ತೊರೆದ ಅರಸನು ದೂರ ಹೋಗಿ ನೆಲೆಸಿದ ಹಾಗೆ!

ಹೆದ್ದಾರಿ ಸರಿದ ಮೇಲೆ ಉಳಿಯುವುದೇನು? ಮೊದಲನೆಯದು ಹೆಸರು. ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳಲ್ಲಿ ಊರೊಳಗಿನ ಹಳೆಯ ರಸ್ತೆಯನ್ನು ಜನರು ಈಗಲೂ ‘ಪಿ.ಬಿ. ರೋಡ್’ ಎಂದೇ ಕರೆಯುತ್ತಾರೆ. ಪುಣೆಗೆ ಹೋಗುವವರೂ ಬೆಂಗಳೂರಿಗೆ ಹೋಗುವವರೂ ಊರ ಹೊರಗೇ ಹಾದುಹೋಗುತ್ತಿರುವಾಗ ಆ ಎರಡು ಅಕ್ಷರಗಳು ಅಂಗಡಿಗಳ ಫಲಕಗಳ ಮೇಲೆ ಉಳಿದಿವೆ. ಸವಣೂರಿನ ಕಲ್ಮಠದ ಆವರಣದಲ್ಲಿರುವ, ಜನರು ದೊಡ್ಡಹುಣಸೆ ಎಂದು ಕರೆಯುವ ಬೃಹದಾಕಾರದ ಮರಗಳು ಮತ್ತೊಂದು ಬಗೆಯ ಉಳಿಕೆ. ಅವು ಆಫ್ರಿಕಾ ಖಂಡದ ಬಾವೊಬಾಬ್ ಜಾತಿಯವು. ಕಡಲಾಚೆಯ ಬೀಜವು ಘಟ್ಟವನ್ನು ಹತ್ತಿ ಇಲ್ಲಿಯವರೆಗೆ ಬಂದುದು ಯಾರದೋ ಕೈಯಲ್ಲಿ, ಯಾವುದೋ ಹಾದಿಯಲ್ಲಿಯೇ. ಅವುಗಳಲ್ಲೊಂದು ೨೦೨೩ರ ಜುಲೈ ತಿಂಗಳಲ್ಲಿ ಉರುಳಿದಾಗ ಅದನ್ನು ಎತ್ತಿ ಮರಳಿ ನೆಡಲಾಯಿತು.

ಬಂಕಾಪುರದ ಕೋಟೆಯೊಳಗೆ ಇಂದು ನಗರೇಶ್ವರ ದೇವಾಲಯವು ನಿಂತಿದೆ. ಕಂಬಗಳ ಎಣಿಕೆಯಿಂದ ಅದನ್ನು ‘ಅರವತ್ತು ಕಂಬದ ಗುಡಿ’ ಎನ್ನುತ್ತಾರೆ. ನಗರವೆಂದರೆ ವರ್ತಕರ ಸಮೂಹ. ಆ ದೇವರ ಹೆಸರಿನಲ್ಲಿ ಹಳೆಯ ಪೇಟೆಯ ನೆನಪು ಅಡಗಿದೆ. ಕೋಟೆಯ ಆವರಣದಲ್ಲಿ ಕಿಲಾರಿ ತಳಿಯ ದನಗಳನ್ನು ಸಾಕುವ ಕ್ಷೇತ್ರವೂ ಈ ಶತಮಾನದಲ್ಲಿ ಘೋಷಿತವಾದ ನವಿಲುಧಾಮವೂ ಇವೆ. ಹೇರೆತ್ತುಗಳು ದಣಿವಾರಿಸಿಕೊಳ್ಳುತ್ತಿದ್ದ ಪಟ್ಟಣದಲ್ಲಿ ಈಗಲೂ ಎತ್ತಿನ ತಳಿಯನ್ನು ಕಾಪಾಡುತ್ತಿರುವುದು ಸೊಗಸಾದ ಹೊಂದಿಕೆ. ಅಜಿತಸೇನಾಚಾರ್ಯರು ಪಾಠ ಹೇಳಿದ ನೆಲದ ಮೇಲೆ ಹುಲ್ಲು ಬೆಳೆದು ನವಿಲು ಕುಣಿಯುತ್ತಿದೆ. ಪಿಂಛವನ್ನು ಹಿಡಿದು ನಡೆಯುವ ಮುನಿಪರಂಪರೆಯನ್ನು ಬಲ್ಲವರಿಗೆ ಆ ನವಿಲುಗಳ ಕೂಗು ಬೇರೆಯೇ ಬಗೆಯಲ್ಲಿ ಕೇಳಿಸೀತು.

ಬಿಡಿ ಕಲ್ಲುಗಳ ಪಾಡು ಇಷ್ಟು ಸುಖವಾಗಿಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ರಸ್ತೆಯ ಅಂಚಿನಲ್ಲಿ ನಿಂತ ನಿಷಿಧಿಗಲ್ಲು, ವೀರಗಲ್ಲು, ದಾನಶಾಸನಗಳಿಗೆ ಗುಡಿಯ ಗೋಡೆಯ ಆಸರೆಯಿಲ್ಲ. ದಾರಿಯನ್ನು ಅಗಲಗೊಳಿಸುವಾಗ ಮೊದಲು ಕೀಳುವುದು ಅಂಚಿನ ಕಲ್ಲನ್ನೇ. ಅದರ ಮೇಲಿರುವ ಮುಕ್ಕೊಡೆಯನ್ನು ಗುರುತಿಸಬಲ್ಲ ಒಬ್ಬರಾದರೂ ಆ ಊರಿನಲ್ಲಿದ್ದರೆ ಅದು ಬದುಕುತ್ತದೆ. ಇಲ್ಲದಿದ್ದರೆ ಮೋರಿಯ ಚಪ್ಪಡಿಯಾಗುತ್ತದೆ. ಶ್ರಾವಕರ ಮನೆಗಳು ತೆರವಾದ ಊರುಗಳಲ್ಲಿ ಈ ಅಪಾಯವು ಹೆಚ್ಚು.

ಬಂಕಾಪುರದ ಜೈನ ವೈಭವಕ್ಕೆ ಇಂದು ದೊರೆಯುವ ಸ್ಪಷ್ಟವಾದ ಎರಡು ಸಾಕ್ಷಿಗಳು ಬಂಕಾಪುರದಲ್ಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮಾರಸಿಂಹನ ಸಮಾಧಿಮರಣದ ವೃತ್ತಾಂತವಿರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಮೇಲೆ. ಹುಳ್ಳರಾಜನ ಜೀರ್ಣೋದ್ಧಾರದ ವಾರ್ತೆಯಿರುವುದು ಅದೇ ಊರಿನಲ್ಲಿ, ಆತನೇ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ. ಗುರುವಿನ ಪಾದದ ಬಳಿ ಕಣ್ಣುಮುಚ್ಚಿದ ಅರಸನ ಸುದ್ದಿಯನ್ನು ಹೊತ್ತು ಯಾರೋ ಬಂಕಾಪುರದಿಂದ ಹೊರಟು, ತುಂಗಭದ್ರೆಯನ್ನು ದಾಟಿ, ಅಷ್ಟು ದೂರ ನಡೆದು ಬೆಳಗೊಳವನ್ನು ಮುಟ್ಟಿದರು. ಬೆಟ್ಟದ ಮೇಲೆ ಕಲ್ಲುಕುಟಿಗನು ಅವರು ತಂದ ಮಾತನ್ನು ಅಕ್ಷರವಾಗಿ ಕೊರೆದನು. ಬೆಟ್ಟವನ್ನು ಹತ್ತುವ ಯಾತ್ರಿಕರು ಬಸದಿಗಳ ಆವರಣದ ದಕ್ಷಿಣದ ಬಾಗಿಲಲ್ಲಿ ನಿಂತಿರುವ ಆ ಕಂಬದ ಪಕ್ಕದಲ್ಲಿಯೇ ಇಂದಿಗೂ ಹಾದುಹೋಗುತ್ತಾರೆ.