ಹಿನಕಲ್‌ನಿಂದ ಕುಕ್ಕರಹಳ್ಳಿಗೆ: ಒಂದು ನಾಲೆಯ ಕಥೆ



ಮೈಸೂರಿನ ವಿಜಯನಗರವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಒಂದರಿಂದ ನಾಲ್ಕರವರೆಗೆ ಹಂತಗಳು, ನೇರ ರಸ್ತೆಗಳು, ಅಡ್ಡರಸ್ತೆಗಳಿಗೆ ಅಂಕಿಗಳು. ಮೊದಲನೆಯ ಹಂತದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಹೊಸ ವರ್ಷದ ದಿನ ಲಾಡು ಪ್ರಸಾದಕ್ಕೆ ಉದ್ದನೆಯ ಸಾಲು ನಿಲ್ಲುತ್ತದೆ. ಇಂತಹ ಬಡಾವಣೆಗೆ ಇತಿಹಾಸವೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಡಾವಣೆ ಹೊಸದು, ನೆಲ ಹಳೆಯದು.

ಸುತ್ತಲಿನ ಹೆಸರುಗಳನ್ನೇ ಗಮನಿಸಿ. ಹುಣಸೂರು ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಹಿನಕಲ್. ಅಲ್ಲಿ ನನ್ನೇಶ್ವರನ ಗುಡಿ. ದಕ್ಷಿಣಕ್ಕೆ ಬೋಗಾದಿ, ನಗರದ ಕಡೆಗೆ ಒಂಟಿಕೊಪ್ಪಲು, ಪಡುವಾರಹಳ್ಳಿ, ಕುಕ್ಕರಹಳ್ಳಿ. ಕೊಪ್ಪಲು ಎಂದರೆ ಸಣ್ಣ ಹಳ್ಳಿ. ಒಂಟಿಕೊಪ್ಪಲು ಈಗ ನಗರದ ನಡುವೆ ಸೇರಿಹೋಗಿದ್ದರೂ, ಒಂದು ಕಾಲಕ್ಕೆ ಹೊಲಗಳ ನಡುವೆ ಒಂಟಿಯಾಗಿದ್ದುದನ್ನು ಹೆಸರು ಮರೆತಿಲ್ಲ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹಳ್ಳಿಗಳ ನಡುವಣ ಜಮೀನುಗಳ ಮೇಲೆಯೇ ವಿಜಯನಗರ ಹಂತ ಹಂತವಾಗಿ ಹರಡಿತು.

ಈಗ ನೆಲದ ಏರಿಳಿತವನ್ನು ನೋಡೋಣ. ನಮ್ಮ ಟೆಲಿವಿಷನ್ ಕ್ಯಾಮೆರಾಕ್ಕೆ ಇದು ಅಷ್ಟಾಗಿ ದಕ್ಕುವುದಿಲ್ಲ, ಇಳಿಜಾರನ್ನು ಅದು ಸಮತಟ್ಟಾಗಿ ತೋರಿಸಿಬಿಡುತ್ತದೆ. ಸೈಕಲ್ ತುಳಿಯುವ ಕಾಲುಗಳಿಗೆ ಅದು ಚೆನ್ನಾಗಿ ಗೊತ್ತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760–770 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಉತ್ತರಕ್ಕೆ ಬಿದ್ದ ಮಳೆ ಕಾವೇರಿಯತ್ತ, ದಕ್ಷಿಣಕ್ಕೆ ಬಿದ್ದದ್ದು ಕಬಿನಿಯತ್ತ ಹರಿಯುತ್ತದೆ. ಕನ್ನಂಬಾಡಿ ಅಣೆಕಟ್ಟು ತುಂಬಿ ತುಳುಕಿದರೂ ನೀರಿನ ಮಟ್ಟ ಸುಮಾರು 752 ಮೀಟರ್ ಮಾತ್ರ. ಅಂದರೆ ಹತ್ತಿರದಲ್ಲೇ ಮಹಾನದಿಯಿದ್ದರೂ ಊರು ಅದಕ್ಕಿಂತ ಮೇಲಿದೆ. ಮೈಸೂರಿನ ನೀರಿನ ತೊಂದರೆಯ ಮೂಲ ಇದೇ.

ಈ ತೊಂದರೆಗೆ ಪರಿಹಾರ ಹುಡುಕಿದವರಲ್ಲಿ ದಿವಾನ್ ಪೂರ್ಣಯ್ಯನವರು ಮುಖ್ಯರು. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ಬಳಿಕ 1811ರವರೆಗೆ ಅವರು ಮೈಸೂರಿನ ಆಡಳಿತ ನಡೆಸಿದರು. ಕಾವೇರಿ ನೀರನ್ನು ನಾಲೆಯ ಮೂಲಕ ಊರಿಗೆ ತರುವುದು ಅವರ ಯೋಜನೆ. ಆಗ ನೀರೆತ್ತುವ ಯಂತ್ರಗಳಿರಲಿಲ್ಲ. ನೀರು ತಾನಾಗಿ ಹರಿದೇ ಬರಬೇಕಿತ್ತು. ನೆಲವನ್ನು ಆಳವಾಗಿ ಕಡಿದು ನಾಲೆ ತೋಡಿದರು. ಆದರೆ ಕಾವೇರಿ ಬರಲಿಲ್ಲ.

ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವಾಯಿತೆ? ಇಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಕ್ಕರಹಳ್ಳಿ ಕೆರೆ ಸಿದ್ಧವಾಯಿತು. ನದಿಯನ್ನು ತರಲಾಗದ ಪೂರ್ಣಯ್ಯ ನಾಲೆ, ಹಿನಕಲ್ ಕಡೆಯ ಮಳೆನೀರನ್ನು ಕೂಡಿಸಿ ಕೆರೆಗೆ ತರುವ ಕೆಲಸಕ್ಕೆ ನಿಂತಿತು. 1960ರಲ್ಲಿ ಕೆರೆಯ ಮಗ್ಗುಲಲ್ಲೇ ವಿಶ್ವವಿದ್ಯಾನಿಲಯದ ಆವರಣ ತಲೆಯೆತ್ತಿತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು, ಈ ಕೆರೆಯನ್ನು ಕುರಿತು ಕವಿತೆ ಬರೆದ ಕುವೆಂಪು.

ಕಾವೇರಿ ನೀರನ್ನು ಕೊನೆಗೂ ಊರಿಗೆ ಏರಿಸಿದ್ದು ಯಂತ್ರ. ಬೆಳಗೊಳದ ಬಳಿಯಿಂದ ವಾಣಿವಿಲಾಸ ನೀರು ಸರಬರಾಜು ವ್ಯವಸ್ಥೆ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ನೀರನ್ನು ಸಂಗ್ರಹಿಸುವ ದೊಡ್ಡ ತೊಟ್ಟಿಗಳು ಯಾದವಗಿರಿ, ವಿಜಯನಗರದಂತಹ ಎತ್ತರದ ಜಾಗಗಳಲ್ಲೇ ಏಕಿವೆ ಎಂಬುದು ಈಗ ನಿಮಗೆ ಹೊಳೆದಿರಬೇಕು.

ನಲ್ಲಿಯಲ್ಲಿ ನೀರು ಬಂದ ಮೇಲೆ ನಾಲೆ ಮರೆತುಹೋಯಿತು. ಮನೆಗಳು, ರಸ್ತೆಗಳು ಅದರ ದಾರಿಯನ್ನು ಕಿರಿದಾಗಿಸಿದವು, ಅಲ್ಲಲ್ಲಿ ಅಳಿಸಿಯೂ ಹಾಕಿದವು. ಮಳೆನೀರು ಕಡಿಮೆಯಾಯಿತು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೆರೆಗೆ ಕೊಳಚೆಯೂ ಸೇರಿತು. ದಂಡೆಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬರುವವರಿಗೆ ಕೆರೆ ಕಾಣುತ್ತದೆ, ಹೆಜ್ಜಾರ್ಲೆಗಳೂ ಕಾಣುತ್ತವೆ. ಕೆರೆಗೆ ನೀರು ತರಬೇಕಾದ ದಾರಿ ಕಾಣುವುದಿಲ್ಲ. ಕೆರೆಯನ್ನು ಉಳಿಸುವುದೆಂದರೆ ಬರೀ ದಂಡೆಯನ್ನು ಕಾಯುವುದಲ್ಲ, ದೂರದ ಆ ದಾರಿಯನ್ನೂ ಕಾಯುವುದು.

ಒಂದು ಕೆಲಸ ಮಾಡಿ. ಜೋರು ಮಳೆ ನಿಂತ ಮೇಲೆ ನಿಮ್ಮ ಬೀದಿಯ ನೀರು ಯಾವ ಕಡೆ ಹರಿಯುತ್ತದೆಂದು ನೋಡಿ. ಹಿನಕಲ್ಲಿನ ಹಿರಿಯರೊಬ್ಬರನ್ನು, “ಅಜ್ಜಾ, ನಾಲೆ ಎಲ್ಲಿ ಹಾದು ಹೋಗ್ತಿತ್ತು?” ಎಂದು ಕೇಳಿ. ಅವರು ತೋರಿಸಿದ್ದನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿ. ನಿಮ್ಮ ಊರು ಯಾವುದೇ ಇರಲಿ, ಅಲ್ಲಿಯೂ ಇಂತಹ ಒಂದು ದಾರಿ ಇದ್ದೇ ಇರುತ್ತದೆ. ಅದನ್ನು ತೋರಿಸಬಲ್ಲವರು ಇರುವಾಗಲೇ ಕೇಳಿಕೊಳ್ಳಿ.