ಬೆನ್ನ ಮೇಲೆ ಹಾಸಿಗೆ, ಬೆರಳ ತುದಿಯಲ್ಲಿ ಬಂಡೆ

ಹಂಪಿಯ ಆಚೆ ದಡದಲ್ಲಿ, ಅಂದರೆ ಆನೆಗೊಂದಿ ಕಡೆ, ಚಳಿಗಾಲದಲ್ಲಿ ತಿರುಗಾಡಿದವರು ಇವರನ್ನು ನೋಡಿರಬಹುದು. ಬೆಳಕು ಹರಿಯುವ ಹೊತ್ತಿಗೆ ಗದ್ದೆ ಬದುವಿನ ಮೇಲೆ, ಬೆನ್ನಿಗೆ ಮಡಚಿದ ಹಾಸಿಗೆ ಕಟ್ಟಿಕೊಂಡು ಸಾಲಾಗಿ ಹೋಗುವ ಹುಡುಗ ಹುಡುಗಿಯರು. ಸುತ್ತ ಗುಡ್ಡಗಳಿದ್ದರೂ ಇವರಿಗೆ ಗುಡ್ಡದ ತುದಿ ಬೇಡ. ಮನೆಯ ಸೂರಿನಷ್ಟು ಎತ್ತರದ ಒಂದು ಕಲ್ಲುಗುಂಡು ಸಾಕು. ಅದರ ಬುಡಕ್ಕೆ ಹಾಸಿಗೆ ಹಾಸಿ, ಹತ್ತಿ, ಬಿದ್ದು, ಮತ್ತೆ ಹತ್ತಿ... ಅದೇ ಕಲ್ಲಿಗೆ ಅರ್ಧ ದಿನ!

ಈ ಆಟದ ಹೆಸರು ಬೌಲ್ಡರಿಂಗ್. ಹಗ್ಗವಿಲ್ಲ, ಕೊಕ್ಕೆಯಿಲ್ಲ. ಬಿದ್ದರೆ ಎದ್ದು ಬರಬಹುದಾದ ಎತ್ತರದ ಬಂಡೆ ಮಾತ್ರ. ಹತ್ತುವ ದಾರಿಗೆ ಇವರು "ಪ್ರಾಬ್ಲಮ್" ಅನ್ನುತ್ತಾರೆ, ಲೆಕ್ಕದ ಪುಸ್ತಕದಲ್ಲಿರುವ ಹಾಗೆ. ನಾನು ಇದಕ್ಕೆ ಕೈ ಹಾಕಿದ್ದು ಮೂವತ್ತು ದಾಟಿದ ಮೇಲೆ. ಹೊಸಬನ ಚೀಲದಲ್ಲಿ ಇರುವ ಸಾಮಾನು ಮೂರೇ: ಬೂಟು, ಚಾಕ್ ಪುಡಿ, ಹಾಸಿಗೆ. ಜೊತೆಗೆ ತಲೆಯಲ್ಲಿ ಒಂದು ಅಂಕಿ, "ಇದು ಎಷ್ಟು ಕಷ್ಟ" ಅಂತ ಹೇಳುವ ಗ್ರೇಡು. ಇವು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಸಿಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೂಟು

ಪ್ಯಾರಿಸ್ಸಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಫಾಂಟೆನ್‌ಬ್ಲೋ ಅಂತ ಒಂದು ಕಾಡಿದೆ. ಫ್ರಾನ್ಸಿನ ದೊರೆಗಳು ಬೇಟೆಗೆ ಬರುತ್ತಿದ್ದ ಜಾಗ. ಮರಗಳ ನಡುವೆ, ಮರಳು ನೆಲದ ಮೇಲೆ, ಮರಳುಗಲ್ಲಿನ ಗುಂಡುಗಳು. ಆಲ್ಪ್ಸ್ ಪರ್ವತ ಹತ್ತುವ ಪ್ಯಾರಿಸ್ ಜನ ರಜಾದಿನಗಳಲ್ಲಿ ಇಲ್ಲಿಗೆ ಬಂದು ಕೈಕಾಲು ಸಾಮು ಮಾಡುತ್ತಿದ್ದರು. ಆಗ ಅವರಿಗೆ ಇದು ಬರೀ ತಾಲೀಮು. ನಿಜವಾದ ಕುಸ್ತಿ ಆಲ್ಪ್ಸ್‌ನಲ್ಲಿ.

ಆ ಎಣಿಕೆ ಬದಲಾದದ್ದರಲ್ಲಿ ಪಿಯೆರ್ ಅಲ್ಲೆ ಎಂಬಾತನ ಪಾಲು ದೊಡ್ಡದು. 1935ರಲ್ಲಿ ಪೆಟಿ ಡ್ರೂ ಶಿಖರದ ಉತ್ತರ ಮುಖವನ್ನು ಮೊದಲು ಹತ್ತಿದವರಲ್ಲಿ ಒಬ್ಬ, ಮಾರನೇ ವರ್ಷ ಕಾರಕೋರಂಗೆ ಹೋದ ಫ್ರೆಂಚ್ ತಂಡದಲ್ಲೂ ಇದ್ದವ. ಅಂಥವನೇ ಈ ಸಣ್ಣ ಕಲ್ಲುಗಳಿಗೂ ಅಷ್ಟೇ ಮರ್ಯಾದೆ ಕೊಟ್ಟ. ಆ ಕಾಲದ ಪರ್ವತದ ಬೂಟುಗಳ ಅಡಿಗೆ ಮೊಳೆ ಇರುತ್ತಿದ್ದವು. ಅಲ್ಲೆ ಮಾಡಿದ್ದು ಕಾಲಿಗೆ ಬಿಗಿಯಾಗಿ ಕೂರುವ, ನುಣುಪಾದ ರಬ್ಬರ್ ಅಡಿಯ ಬೂಟು. ಅವನ ಹೆಸರಿನ ಮೊದಲಕ್ಷರಗಳಿಂದ ಅದು "ಪಿಎ" ಆಯಿತು. ಇವತ್ತಿನ ಎಲ್ಲಾ ಕ್ಲೈಂಬಿಂಗ್ ಬೂಟುಗಳಿಗೂ ಅದು ಅಜ್ಜ ಇದ್ದ ಹಾಗೆ.

ಅಡಿಯಲ್ಲಿ ಗೀರುಗಳಿದ್ದರೆ ಹಿಡಿತ ಜಾಸ್ತಿ ಅಂತ ನಾವು ತಿಳಿದಿರುತ್ತೇವೆ. ಒಣ ಬಂಡೆಯ ಮೇಲೆ ಹಾಗಲ್ಲ. ನುಣ್ಣನೆಯ ರಬ್ಬರು ಕಲ್ಲಿಗೆ ಹೆಚ್ಚು ಒತ್ತಿಕೊಳ್ಳುತ್ತದೆ. ಅದಕ್ಕೇ ಹೊಸಬರಿಗೆ ಮೊದಲ ಪಾಠ: ಬೂಟಿನ ಅಡಿ ಒರೆಸಿಕೊಂಡು ಹತ್ತಿ. ಮಣ್ಣು ಮೆತ್ತಿದ ಬೂಟು ಎಷ್ಟು ದುಡ್ಡಿನದಾದರೂ ಜಾರುತ್ತದೆ.

ಅದೇ ಕಾಡಿನಲ್ಲಿ 1947ರ ಸುಮಾರಿಗೆ ಇನ್ನೊಂದು ಒಳ್ಳೆಯ ಪದ್ಧತಿ ಶುರುವಾಯಿತು. ಬಂಡೆಯಿಂದ ಬಂಡೆಗೆ ಬಣ್ಣದ ಬಾಣ, ಅಂಕಿ ಬರೆದು, ಒಂದು ಬಣ್ಣಕ್ಕೆ ಒಂದು ಮಟ್ಟದ ಕಷ್ಟ ಅಂತ ಗೊತ್ತು ಮಾಡಿದರು. ಹೀಗೆ ಸುಲಭದ ಬಣ್ಣ ಹಿಡಿದರೆ ಮಕ್ಕಳು, ಮುದುಕರು ಎಲ್ಲರೂ ಕಾಡು ಸುತ್ತಿಕೊಂಡು ಬರಬಹುದು.

ಚಾಕ್ ಮತ್ತು ಅಂಕಿ

ಅಮೆರಿಕದಲ್ಲಿ ಜಾನ್ ಗಿಲ್ ಅಂತ ಒಬ್ಬರು. ಹುಟ್ಟಿದ್ದು 1937ರಲ್ಲಿ, ವೃತ್ತಿಯಿಂದ ಗಣಿತದ ಮೇಷ್ಟ್ರು. ಕಾಲೇಜಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿತವರು. ಜಿಮ್ನಾಸ್ಟರು ಅಂಗೈ ಬೆವರದಿರಲಿ ಅಂತ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಹಚ್ಚುತ್ತಾರಲ್ಲ, ಅದನ್ನು 1950ರ ದಶಕದಲ್ಲಿ ಗಿಲ್ ಬಂಡೆಗೆ ತಂದರು. ಇದೇ ಇವತ್ತಿನ ಚಾಕ್. ಹೆಸರು ಚಾಕ್ ಆದರೂ ಶಾಲೆಯ ಸೀಮೆಸುಣ್ಣ ಅಲ್ಲ.

ಗಿಲ್ ತಂದ ದೊಡ್ಡ ವಸ್ತು ಪುಡಿಯಲ್ಲ, ಒಂದು ಯೋಚನೆ. ಬಂಡೆ ಹತ್ತುವುದು ಪರ್ವತಕ್ಕೆ ತಯಾರಿ ಅಲ್ಲ, ಅದೇ ಒಂದು ವಿದ್ಯೆ ಅಂತ 1969ರಲ್ಲಿ ಅಮೆರಿಕನ್ ಆಲ್ಪೈನ್ ಜರ್ನಲ್‌ನಲ್ಲಿ ಲೇಖನ ಬರೆದರು. ಕಷ್ಟ ಅಳೆಯಲು ಬಿ-1, ಬಿ-2, ಬಿ-3 ಅಂತ ಮೂರೇ ಮೆಟ್ಟಿಲು ಇಟ್ಟರು. ತಮಾಷೆ ಏನಂದರೆ, ಬಿ-3 ಅಂದರೆ ಒಬ್ಬರೇ ಒಬ್ಬರು ಹತ್ತಿರಬೇಕು. ಇನ್ನೊಬ್ಬರು ಹತ್ತಿದ ಕೂಡಲೇ ಅದರ ದರ್ಜೆ ಇಳಿಯುತ್ತದೆ! ಗಣಿತದ ಮೇಷ್ಟ್ರ ತಲೆಯೇ ಸರಿ :-)

ಇದೇ ಗಿಲ್ 1961ರಲ್ಲಿ ದಕ್ಷಿಣ ಡಕೋಟಾದ "ಥಿಂಬಲ್" ಎಂಬ ಸುಮಾರು 30 ಅಡಿಯ ಕಲ್ಲನ್ನು ಹಗ್ಗವಿಲ್ಲದೆ ಹತ್ತಿದರು. ಕೆಳಗೆ ಹಾಸಿಗೆ ಇರಲಿಲ್ಲ. ಹೊಸಬರು ಇದನ್ನು ಓದಿ ಖುಷಿಪಡಬೇಕೇ ಹೊರತು ಅನುಸರಿಸಬಾರದು.

ಮುಂದೆ ಜಾನ್ ಶೆರ್ಮನ್ ಎಂಬಾತ ಟೆಕ್ಸಸ್‌ನ ಹ್ವೇಕೊ ಟ್ಯಾಂಕ್ಸ್ ಎಂಬ ಜಾಗಕ್ಕೆ 1991ರಲ್ಲಿ ಮಾರ್ಗದರ್ಶಿ ಪುಸ್ತಕ ತಂದ. ಅದರಲ್ಲಿ ವಿ-0, ವಿ-1, ವಿ-2 ಅಂತ ಅಂಕಿ ಬಂತು. "ವಿ" ಅಂದರೆ "ವರ್ಮಿನ್", ಆತನ ಅಡ್ಡಹೆಸರು. ಇಲಿ ಹೆಗ್ಗಣ ಅಂತ ಅರ್ಥ! ನಮ್ಮ ಬೆಂಗಳೂರಿನ ಜಿಮ್ಮುಗಳಲ್ಲಿ ಮಕ್ಕಳು "ನಾನು ವಿ-3 ಮಾಡಿದೆ" ಅನ್ನುವಾಗ ನನಗೆ ಇದೇ ನೆನಪಾಗುತ್ತದೆ.

ಹಾಸಿಗೆ

ಇಷ್ಟು ಹಳೆಯ ಆಟಕ್ಕೆ ಹಾಸಿಗೆ ಬಂದದ್ದು ಮಾತ್ರ ಈಚೆಗೆ. ಅಂಗಡಿಯಲ್ಲಿ ಕೊಳ್ಳುವ ಕ್ರ್ಯಾಶ್ ಪ್ಯಾಡ್ ಕಾಣಿಸಿಕೊಂಡದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ಕಂಬಳಿ, ಕಾರ್ಪೆಟ್ ತುಂಡು, ಇಲ್ಲವೇ ಬರಿ ನೆಲ. ಪ್ಯಾಡ್ ಬಂದಮೇಲೆ ಆಟ ಎಲ್ಲರದೂ ಆಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ (2020ರದ್ದು, ನಡೆದದ್ದು 2021ರಲ್ಲಿ) ಬೌಲ್ಡರಿಂಗ್ ಕೂಡ ಸೇರಿತು.

ಆದರೆ ಪ್ಯಾಡ್ ಇದ್ದಮಾತ್ರಕ್ಕೆ ಬೀಳುವುದು ಬಂದ ಹಾಗಲ್ಲ. ಹೊಸಬರ ಕಾಲಿನ ಹರಡು, ಮುಂಗೈ ಉಳುಕುವುದು ಬೀಳುವಾಗಲೇ. ಎರಡೂ ಪಾದ ಒಟ್ಟಿಗೆ ಊರಿ, ಮಂಡಿ ಮಡಚಿ, ಹಿಂದಕ್ಕೆ ಉರುಳಬೇಕು. ಕೈಯನ್ನು ಹಿಂದಕ್ಕೆ ಊರಲೇಬಾರದು. ಕೆಳಗೆ ನಿಂತ ಗೆಳೆಯನ ಕೆಲಸ ನಿಮ್ಮನ್ನು ಎತ್ತಿ ಹಿಡಿಯುವುದಲ್ಲ, ತಲೆ ಬೆನ್ನು ಕಲ್ಲಿಗೆ ಬಡಿಯದ ಹಾಗೆ ಪ್ಯಾಡಿನ ಕಡೆ ತಳ್ಳುವುದು. ಹತ್ತುವ ಮೊದಲು ಇಳಿಯುವ ದಾರಿ ನೋಡಿಕೊಳ್ಳಿ. ಬಂಡೆ ಹತ್ತಿ ಮೇಲೆ ಸಿಕ್ಕಿಹಾಕಿಕೊಂಡರೆ ಕೋತಿ ನಗುತ್ತದೆ.

ನಮ್ಮ ಕಲ್ಲು

ಹಂಪಿಯ ಬಂಡೆಗಳನ್ನು ವಾಲಿ ಸುಗ್ರೀವರು ಎಸೆದಾಡಿದ್ದು ಅಂತ ಕಥೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ಬೇರೆಲ್ಲೂ ಅಲ್ಲ, ನಮ್ಮ ರಾಮನಗರದ ಹಳೆಯ ಹೆಸರು. ರಾಮನಗರದ ಕಡೆಯಿಂದ ಹಂಪಿಯ ಕಡೆಗೆ ಹಬ್ಬಿದ ಈ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದೊಳಗೆ ಬಿರುಕು ಬಿಟ್ಟ ಗ್ರಾನೈಟು ಮೂಲೆಗಳಲ್ಲಿ ಮೊದಲು ಸವೆದು ಗುಂಡಗಾಯಿತು. ಆಮೇಲೆ ಸುತ್ತಲ ಮಣ್ಣು ಕೊಚ್ಚಿಹೋಗಿ ಗುಂಡುಗಳು ಒಂದರ ಮೇಲೊಂದು ಉಳಿದವು.

ಈ ಕಲ್ಲನ್ನು ಹೊರಗಿನವರಿಗೆ ತೋರಿಸಿದ್ದು ಅಮೆರಿಕದ ಕ್ರಿಸ್ ಶರ್ಮಾ ಮತ್ತು ಗೆಳೆಯರು ಹಂಪಿಯಲ್ಲಿ ಹತ್ತಿದ "ಪಿಲ್ಗ್ರಿಮೇಜ್" ಚಿತ್ರ, 2003ರದ್ದು. ಆಮೇಲೆ ವಿರೂಪಾಪುರ ಗಡ್ಡೆ ಬೌಲ್ಡರಿಂಗ್‌ನವರ ಬಿಡಾರವಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಡ್ಡೆಯ ಹೋಟೆಲುಗಳನ್ನು ಅಕ್ರಮ ಕಟ್ಟಡ ಅಂತ ಕೆಡವಿದರು. ಬಂಡೆಗಳು ಅಲ್ಲೇ ಇವೆ.

ಹಾಗಾದರೆ ಶರ್ಮಾ ಬರುವ ಮೊದಲು ನಮ್ಮವರು ಹತ್ತುತ್ತಿರಲಿಲ್ಲವೇ? ಬೆಟ್ಟಗಳ ಮೇಲೆ ಕಡಿದ ಮೆಟ್ಟಿಲು, ಬಂಡೆ ಸೀಳಲು ಸಾಲಾಗಿ ಕೊರೆದ ಗುಳಿಗಳು ಹಂಪಿಯಲ್ಲಿ ಎಲ್ಲೆಲ್ಲೂ ಕಾಣುತ್ತವೆ. ಅವನ್ನು ಕಡಿದ ಕೈಗಳು ಅಲ್ಲಿಗೆ ಹತ್ತದೆ ಕಡಿದಾವೇ? "ಉಡದ ಪಟ್ಟು" ಅನ್ನುವ ಮಾತು ನಮ್ಮ ಭಾಷೆಯಲ್ಲೇ ಇದೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವ "ಕೋತಿರಾಜ" ಜ್ಯೋತಿರಾಜ್ ಅವರನ್ನು ಕನ್ನಡಿಗರೆಲ್ಲ ಬಲ್ಲರು. ನಮ್ಮವರು ಹತ್ತಿದರು, ಆದರೆ ಹೆಸರಿಡಲಿಲ್ಲ, ಅಂಕಿ ಹಾಕಲಿಲ್ಲ, ಬರೆದಿಡಲಿಲ್ಲ. ಬರೆದವರದ್ದು ಚರಿತ್ರೆಯಾಯಿತು.

ಈಗ ನನ್ನನ್ನು ಕಾಡುವ ವಿಷಯ. ಮೇಲೆ ಹೇಳಿದ ಹ್ವೇಕೊ ಟ್ಯಾಂಕ್ಸ್‌ನ ಬಂಡೆಗಳ ಮೇಲೆ ಅಲ್ಲಿನ ಮೂಲನಿವಾಸಿಗಳು ಬರೆದ ಪುರಾತನ ಚಿತ್ರಗಳಿವೆ. ಜನ ಹೆಚ್ಚಾದಾಗ ಚಿತ್ರಗಳಿಗೆ ಅಪಾಯ ಅಂತ 1998ರಲ್ಲಿ ಪ್ರವೇಶವನ್ನು ಬಿಗಿ ಮಾಡಿದರು. ದಿನಕ್ಕೆ ಇಷ್ಟೇ ಜನ, ಕೆಲವು ಕಡೆ ಮಾರ್ಗದರ್ಶಕರಿಲ್ಲದೆ ಕಾಲಿಡುವಂತಿಲ್ಲ. ನಮ್ಮ ಆನೆಗೊಂದಿ ಹತ್ತಿರದ ಒನಕೆ ಕಿಂಡಿಯಲ್ಲೂ ಇತಿಹಾಸಪೂರ್ವ ಕಾಲದ ಬಂಡೆಚಿತ್ರಗಳಿವೆ. ಸ್ವಲ್ಪ ದೂರದಲ್ಲೇ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು. ಅಲ್ಲಿ ಚಾಕ್ ಹಚ್ಚಿದ ಒಂದು ಕೈ ಸಾಕು, ಸಾವಿರಾರು ವರ್ಷದ ಗೆರೆ ಹಾಳಾಗಲು. ಆಮೇಲೆ ಬಾಗಿಲು ಹಾಕಿದರೆ ಯಾರನ್ನೂ ದೂರುವ ಹಾಗಿಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದಿಷ್ಟು. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಬೆಳಿಗ್ಗೆ ಮತ್ತು ಸಂಜೆ ಹತ್ತಿ, ಕತ್ತಲಾಗುವ ಮೊದಲು ಹಿಂದಿರುಗಿ. ಅದು ಚಿರತೆ, ಕರಡಿಗಳ ಸೀಮೆ. ಒಬ್ಬರೇ ಹೋಗಬೇಡಿ. ಕೈ ಹಾಕುವ ಮುನ್ನ ಬಿರುಕಿನೊಳಗೆ ನೋಡಿ, ಚೇಳು ಹಾವು ಇದ್ದೀತು. ಹೆಜ್ಜೇನು ಕಂಡರೆ ಬೇರೆ ಕಲ್ಲು ಹುಡುಕಿ. ಮೊದಲ ತಿಂಗಳು ವಿ-0 ಸಾಕು. ಬೆರಳಿನ ಸ್ನಾಯುರಜ್ಜು ತೋಳಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕು. ಬಾದಾಮಿಯ ಮರಳುಗಲ್ಲಿನ ಮೇಲೆ ಮಳೆ ಬಂದ ಮರುದಿನ ಹತ್ತಬೇಡಿ, ನೆನೆದ ಮರಳುಗಲ್ಲು ಮುರಿಯುತ್ತದೆ.

ದೇವಸ್ಥಾನ, ಮಂಟಪ, ಕೆತ್ತನೆ, ಶಾಸನ, ಚಿತ್ರ ಇರುವ ಕಲ್ಲಿಗೆ ಕೈ ಹಚ್ಚಬೇಡಿ. ಗದ್ದೆ ದಾಟುವ ಮುನ್ನ ಗದ್ದೆಯವರನ್ನು ಕೇಳಿ. ಹೊರಡುವಾಗ ಬ್ರಷ್ಷಿನಿಂದ ಚಾಕ್ ಒರೆಸಿ. ಉಳಿ ಸುತ್ತಿಗೆ ಹಿಡಿದು ಹಿಡಿಕೆ ಮಾಡಿಕೊಳ್ಳಲೇಬೇಡಿ. ಹತ್ತಲಾಗದಿದ್ದರೆ ಆ ಕಲ್ಲು ನಿಮಗಿಂತ ದೊಡ್ಡದು ಅಂತ ಒಪ್ಪಿಕೊಂಡು ಚಹಾ ಕುಡಿಯಿರಿ. ಮುಂದಿನ ವರ್ಷವೂ ಅದು ಅಲ್ಲೇ ಇರುತ್ತದೆ.

ನಿಮ್ಮೂರಿನ ಬಂಡೆಗಳನ್ನು ಜೇನು ಕೀಳಲಿಕ್ಕೋ, ದನ ಕಾಯುವಾಗಲೋ, ಪಂದ್ಯ ಕಟ್ಟಿಯೋ ಹತ್ತುತ್ತಿದ್ದವರ ಕಥೆ ಗೊತ್ತಿದ್ದರೆ ಬರೆಯಿರಿ. ಕಲ್ಲಿಗೆ ಅವರು ಇಟ್ಟ ಹೆಸರನ್ನೂ ಬರೆಯಿರಿ. ಈ ಚರಿತ್ರೆಯ ಕನ್ನಡದ ಪುಟ ಇನ್ನೂ ಖಾಲಿಯೇ ಇದೆ.